ನೂರರಲ್ಲಿ ಏಳು

ಮೊದಲು ಹೀಗೆ ಅಂದುಕೋ, ಅನ್ನುತ್ತದೆ ನನ್ನ ಶಾಸ್ತ್ರ:
ಏನೂ ಆಗಿಲ್ಲ.
ಎರಡು ವರ್ಷ, ಮೂವತ್ತು ಶಾಲೆ,
ಬೆಳಿಗ್ಗೆ ಏಳಕ್ಕೇ ಮಾವಿನ ಮರದಡಿ ಕೂತು
ಮ ಮೆ ಮಿ ಮೊ ಮು ಎಂದ ಗಂಟಲುಗಳು,
ಎಲ್ಲ ಗಾಳಿಗೆ ಹೋಯಿತು
ಎಂದೇ ನಂಬು. ಆಮೇಲೆ
ನಂಬಿರಲಾರದಷ್ಟು ಸಾಕ್ಷಿ ಸಿಕ್ಕರೆ ಮಾತ್ರ
ನಂಬಿದ್ದನ್ನು ಬಿಡು.

ಜೊಂಬಾದ ಬಾಡಿಗೆ ಕೋಣೆ. ಸಂಜೆಯಿಂದ ಕರೆಂಟಿಲ್ಲ.
ಲ್ಯಾಪ್‌ಟಾಪಿನಲ್ಲಿ ಉಳಿದ ಹನ್ನೊಂದು ಪರ್ಸೆಂಟಿನ ಬೆಳಕಿಗೆ
ಅಂಕಿಯೊಂದು ಬಂದು ಕೂತಿದೆ:
ನೂರರಲ್ಲಿ ಏಳು.

ಅಂದರೆ, ಪಾಠದಿಂದ ಏನೂ ಆಗದೆಯೂ
ಬರೀ ಚೀಟಿಯಾಟದ ಹುಡುಗಾಟಕ್ಕೇ
ಇಷ್ಟು ಅಂತರ, ಅಥವಾ ಇದಕ್ಕೂ ಹೆಚ್ಚು,
ನೂರು ಸಲ ಆಡಿದರೆ ಏಳು ಸಲ ಕಂಡೀತು.
ಕಾಗೆ ಕೂತಿತು, ಕೊಂಬೆ ಮುರಿಯಿತು.
ಐದರೊಳಗಾದರೆ ಕಾಗೆಯ ಹೆಸರು ಹೇಳಬಹುದು.
ಏಳೆಂದರೆ, ಕೊಂಬೆಯೇ ಟೊಳ್ಳಿತ್ತೇನೋ ಎಂದು
ಸುಮ್ಮನಿರಬೇಕು.
ಐದಕ್ಕೇ ಗೆರೆ ಎಳೆದವರು ಯಾರೋ.
ಒಂದು ಕೈಯ ಬೆರಳೆಣಿಸಿ ಎದ್ದು ಹೋದವರಿರಬೇಕು.

ಅಗುಳೊಂದನ್ನು ಹಿಸುಕಿ
ಇಡೀ ಪಾತ್ರೆಯ ಅನ್ನ ಬೆಂದದ್ದು ಹೇಳುವವರಿದ್ದಾರಂತೆ.
ನಾವು ನ್ಸಿಮಾ ಉಣ್ಣುವವರು. ಅದರಲ್ಲಿ ಅಗುಳಿಲ್ಲ.
ಬೆಂದದ್ದು ಗೊತ್ತಾಗುವುದು ತಿರುವುವ ತೋಳಿಗೆ.

ಚೀಟಿ ಎತ್ತಿದ್ದು ಮೆಕ್ಕೆಜೋಳ ಅಳೆಯುವ ಡಬ್ಬಿಯಿಂದ.
ನಮಲೋಂಬಾ ಮೇಷ್ಟ್ರಿಗೆ ಬಂದದ್ದು ಖಾಲಿ ಚೀಟಿ.
ಮಗುಚಿ ನೋಡಿದರು, ಹಿಂದೆ ಏನಾದರೂ ಬರೆದಿದೆಯೇ ಎಂದು.
"ಹೋಲಿಸಿ ನೋಡಲಿಕ್ಕೆ ನಾವೂ ಬೇಕಲ್ಲ" ಎಂದರು,
ಎರಡನೇ ಪಂಕ್ತಿಗೆ ಕಾಯುವವರ ನಗೆಯಲ್ಲಿ.

ಅದೇ ಮೇಷ್ಟ್ರ ಶಾಲೆ, ಕೊನೆಯ ಪರೀಕ್ಷೆಯ ದಿನ,
ಯಂಖೊ ಎಂಬ ಹುಡುಗಿ.
ನಮ್ಮ ಮಾತಿನಲ್ಲಿ ಹಾಗೆಂದರೆ ಉತ್ತರ.
ನಿಮಿಷಕ್ಕೆ ನಲವತ್ತೊಂದು ಪದ ಓದಿದಳು.
ಯಾರಮ್ಮಾ ಕಲಿಸಿದ್ದು?
ತೊರೆಯ ಕಡೆಗೆ ಗದ್ದ ಎತ್ತಿದಳು.
ಆಚೆ ದಡದ ಶಾಲೆಗೆ ಚೀಟಿ ಬಿದ್ದಿತ್ತು,
ಅಲ್ಲಿ ಅವಳ ಚಿಕ್ಕಮ್ಮನ ಮಗಳು ಲಿನಿಲೆ.
ಬಟ್ಟೆ ಒಗೆಯುವ ಕಲ್ಲಿನ ಮೇಲೆ
ಇದ್ದಿಲಿನಲ್ಲಿ ಅವಳು ಬರೆಯುವುದು, ಇವಳು ಓದುವುದು,
ನೀರೆರಚುವುದು, ಮತ್ತೆ ಬರೆಯುವುದು.
ಇವಳಿಂದ ತಮ್ಮನಿಗೆ. ತಮ್ಮನಿಂದ
ಆಡು ಕಾಯುವ ಇನ್ನೊಬ್ಬನಿಗೆ.

ನಮ್ಮ ಕೈಪಿಡಿಯಲ್ಲಿ ಇದಕ್ಕೆ ಹೆಸರಿದೆ: ಸೋರಿಕೆ.
ಕೊಟ್ಟ ಕಡೆಯೂ ಕೊಡದ ಕಡೆಯೂ
ಒಟ್ಟಿಗೇ ನೀರೇರಿದರೆ
ಅಳತೆಗೋಲು ಹೇಳುತ್ತದೆ, ಏರಲೇ ಇಲ್ಲ.

ಗೊತ್ತು, ಒಬ್ಬಳು ಯಂಖೊ ಪುರಾವೆಯಲ್ಲ.
ಅಂಥ ಕಲ್ಲುಗಳು ಎಷ್ಟು, ನಾನು ಎಣಿಸಿಲ್ಲ.
ಏಳು ಬಂದ ಮೇಲೆ ಎಣಿಸಲು ಹೊರಟರೆ
ಐದು ಬರುವವರೆಗೂ ಎಣಿಸುತ್ತೇನೆ.
ನನ್ನ ಕೈ ನನಗೆ ಗೊತ್ತು.

ಲಿಲೋಂಗ್ವೆಯಿಂದ ಮತ್ತೆ ಫೋನು:
ಒಂದೇ ಮಾತು ಹೇಳು ತಡಾಲಾ, ಫಲ ಕೊಟ್ಟಿತೋ, ಇಲ್ಲವೋ?
ನಾಳೆ ದುಡ್ಡಿನವರ ಸಭೆ.

'ಫಲವಿಲ್ಲ' ಎಂಬುದು ಒಂದು ವಾಕ್ಯ.
'ಫಲ ಸಾಬೀತಾಗಿಲ್ಲ' ಎಂಬುದು ಇನ್ನೊಂದು.
ನಡುವೆ ಮೊಳಕಾಲುದ್ದದ ತೊರೆ,
ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ದಾಟುವುದು.

ಎರಡನೆಯದನ್ನು ಬರೆದೆ.
ಏಳನ್ನು ಏಳು ಎಂದೇ ಬರೆದೆ.
ಮೂರು ಪರ್ಸೆಂಟ್ ಉಳಿದಿತ್ತು, ಅದರಲ್ಲಿ
ಕೊನೆಯ ಪುಟಕ್ಕೆ ಒಂದು ಸಾಲು ಸೇರಿಸಿದೆ:
ಮುಂದಿನ ಸಲ, ಚೀಟಿ ಎತ್ತುವ ಮೊದಲು,
ನಕ್ಷೆಯಲ್ಲಿ ತೊರೆಗಳನ್ನೂ
ಬಟ್ಟೆ ಒಗೆಯುವ ಕಲ್ಲುಗಳನ್ನೂ ಗುರುತಿಸತಕ್ಕದ್ದು.