ಸ್ಪಷ್ಟನೆ, ಆರನೆಯ ಕರಡು

ಮೊದಲನೆಯದು ಒಂದೇ ಸಾಲು:
ಆರೋಪ ಸತ್ಯಕ್ಕೆ ದೂರ.
ಸೋಮವಾರ ಬೆಳಿಗ್ಗೆ ಅಷ್ಟು ಸಾಕಾಗಿತ್ತು.
ಖಜಾಂಚಿ ಮುನಿಶಾಮಪ್ಪನವರು ಉಪ್ಪಿಟ್ಟು ತರಿಸಿ
'ನಾಳೆ ಇದೂ ಹಳೇ ಪೇಪರು, ಬೋಂಡಾ ಕಟ್ಟೋಕೆ' ಅಂದರು.

ಮಂಗಳವಾರ ನಾಲ್ಕು ಸಾಲಾಯಿತು.
ಬುಧವಾರ ಒಂದು ಪುಟ.
ಸುಳ್ಳಿಗೂ ಹಿಟ್ಟಿಗೂ ಒಂದೇ ಗುಣ,
ರಾತ್ರಿ ಬಿಟ್ಟರೆ ಉಬ್ಬುತ್ತದೆ.

ಈಗ ಶನಿವಾರ, ರಾತ್ರಿ ಒಂದೂವರೆ.
ಕುಮಾರಾ ಪಾರ್ಕಿನ ಈ ಮನೆಯ ಹಿಂದೆ
ರೈಲು ಹೋದಾಗೆಲ್ಲ ಗಾಜಿನ ಲೋಟಗಳು
ಒಂದಕ್ಕೊಂದು ಏನೋ ಹೇಳಿಕೊಂಡು ಸುಮ್ಮನಾಗುತ್ತವೆ.
ಗೇಟಿನಾಚೆ ಟೀವಿಯವರ ವ್ಯಾನು; ಅದಕ್ಕೇ
ಮುಂದಿನ ಕೋಣೆಯ ದೀಪ ಆರಿಸಿ ಕೂತಿದ್ದೇವೆ
ಗ್ರಹಣ ಹಿಡಿದ ಮನೆಯವರ ಹಾಗೆ.
ಫೋನುಗಳೆಲ್ಲ ಫ್ರಿಜ್ಜಿನಲ್ಲಿ, ವಕೀಲರ ಸಲಹೆ,
ದೋಸೆಹಿಟ್ಟಿನ ಪಕ್ಕ, ಕೊತ್ತಂಬರಿ ಕಟ್ಟಿನ ಕೆಳಗೆ.
ಆಗಾಗ ಒಳಗೇ ಗುರುಗುಟ್ಟುತ್ತವೆ. ಯಾರೂ ಏಳುವುದಿಲ್ಲ.

ನಾನು ಸರ್ವಮಂಗಳ. ಟೈಪಿಸ್ಟು.
ಇಪ್ಪತ್ತೆರಡು ವರ್ಷ ಈ ಪಕ್ಷದ ಮಾತೆಲ್ಲ
ನನ್ನ ಬೆರಳು ದಾಟಿಯೇ ಹೊರಗೆ ಹೋಗಿದೆ:
ಶ್ರದ್ಧಾಂಜಲಿ, ಉಚ್ಚಾಟನೆ, ದೀಪಾವಳಿಯ ಶುಭಾಶಯ.
ಒಂದು ಒತ್ತಕ್ಷರ ತಪ್ಪಿಲ್ಲ.

'ಕೆರೆ' ಅನ್ನಬೇಡಿ, ಎಂದರು ಶ್ರೀಕಂಠಾರಾಧ್ಯರು.
ಅಳಿಸಿದೆ. 'ಜಲಮೂಲ' ಎಂದೆ. ಅದೂ ಒದ್ದೆ, ಅಂದರು.
'ಸದರಿ ಸ್ವತ್ತು' ಎಂದು ಬರೆದೆವು.
ಹನ್ನೆರಡು ಎಕರೆ ನೀರು ಎರಡು ಪದದಲ್ಲಿ ಒಣಗಿತು;
ಮಣ್ಣು ಸುರಿದವರಿಗೂ ಅಷ್ಟು ಬೇಗ ಆಗಿರಲಿಲ್ಲ.

'ಮಾರಿದೆವು' ತೆಗಿಯಮ್ಮ, 'ಮಾರಲಾಗಿದೆ' ಹಾಕು.
ಅದೂ ಬೇಡ. 'ಮಾರಾಟವಾಗಿರುವುದು ಗಮನಕ್ಕೆ ಬಂದಿದೆ'.
ಕರ್ತೃ ಹೀಗೆ ಹಿತ್ತಿಲ ಬಾಗಿಲಿನಿಂದ ಹೋದ,
ಚಪ್ಪಲಿ ಕೈಯಲ್ಲಿ ಹಿಡಿದು.
ಕನ್ನಡ ಎಷ್ಟು ಕರುಣಾಳು! ಮಾಡಿದವನಿಲ್ಲದೆಯೂ
ಆಗಿಹೋಗುತ್ತದೆ ಇಲ್ಲಿ ಎಲ್ಲ:
ಮಳೆಯಾಯಿತು, ಮದುವೆಯಾಯಿತು, ತಪ್ಪಾಯಿತು.

ಆದರೂ ಒಂದು ಹೆಸರು ಬೇಕು, ಎಂದ
ಮೀಡಿಯಾ ನೋಡಿಕೊಳ್ಳುವ ಹುಡುಗ ನಚಿಕೇತ.
'ಜನ ವಾಕ್ಯ ಓದಲ್ಲ ಸಾರ್, ಹೆಸರು ಓದ್ತಾರೆ.'
ಅದಕ್ಕೇ ಮೂರನೆಯ ಪ್ಯಾರಾದಲ್ಲಿ
ಒಂದು ಖಾಲಿ ಗೆರೆ,
ಆಮೇಲೆ: ಅವರ ಕೈತಪ್ಪಿನಿಂದ.

ಮುನಿಶಾಮಪ್ಪ ತಮ್ಮದು ಬಿಟ್ಟು ಐದು ಹೆಸರು ಹೇಳಿದರು.
ವಕೀಲರು ಮುನಿಶಾಮಪ್ಪನವರದೊಂದನ್ನೇ ಹೇಳಿದರು.
ಒಬ್ಬರ ಕಣ್ಣು ಒಬ್ಬರು ನೋಡಲಿಲ್ಲ ಆಮೇಲೆ.
ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಇಮ್ತಿಯಾಜ್
ಮೆಲ್ಲಗೆ ಕಾರು ಒರೆಸಲು ಹೋದ, ಆ ನಡುರಾತ್ರಿ.

ಅಧ್ಯಕ್ಷರು ಮಾತಾಡಿರಲಿಲ್ಲ ಇಷ್ಟು ಹೊತ್ತು.
ಊದಿದ ಪಾದ ಬಿಸಿನೀರಿನ ಬಕೆಟ್ಟಿಗಿಳಿಸಿ
ಸೋರಿಹೋದ ಆ ಹಾಳೆಯನ್ನೇ ನೋಡುತ್ತಿದ್ದರು.
ಅವರ ಸಹಿ ಅಲ್ಲಿ ಮಸುಕು,
ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು.
ಎಡಮೂಲೆಯಲ್ಲಿ ಟೈಪು ಮಾಡಿದವರ ಗುರುತು,
ಸೊಳ್ಳೆಯಷ್ಟು ಚಿಕ್ಕದು, ಸ್ಪಷ್ಟ:
ಸ. ಮಂ.

'ಮನೆ ಎಲ್ಲಮ್ಮ ನಿಂದು?' ಅಂದರು.
ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.
ಎಂಥ ಮೆತ್ತನೆಯ ದನಿ! ನನ್ನ ಬೆನ್ನು ತಣ್ಣಗಾಯಿತು.

ಅಲ್ಲೇ ಸಾರ್, ಅಂದೆ. ಸದರಿ ಸ್ವತ್ತಿನಲ್ಲಿ.
ಏಳನೇ ಅಡ್ಡರಸ್ತೆ, ನೆಲಮಹಡಿ, ಬಾಡಿಗೆ.
ಆಗಸ್ಟಿನಲ್ಲಿ ನೀರು ಮಂಚದ ಕಾಲಿಗೆ ಬರುತ್ತೆ,
ಯಾರೂ ಕರೆಯದೆ, ಯಾರ ಹತ್ತಿರವೂ ದಾರಿ ಕೇಳದೆ,
ತನ್ನ ಮನೆಗೆ ತಾನು ಬಂದ ಹಾಗೆ.
ಹೋದ ವರ್ಷ ದೇವರ ಗೂಡಿನಲ್ಲಿ ಕಪ್ಪೆ ಕೂತಿತ್ತು.

ಬಕೆಟ್ಟಿನಲ್ಲಿ ಅವರ ಪಾದ ಅಲ್ಲಾಡಲಿಲ್ಲ.
ರೈಲು ಬಂತು. ಲೋಟಗಳು ಮಾತಾಡಿದವು.

'ಹೊತ್ತಾಯ್ತು, ಹೆಸರು ಹಾಕಮ್ಮ' ಎಂದು
ಕತ್ತಲಿನಿಂದ ಹೇಳಲಾಯಿತು.
ಖಾಲಿ ಗೆರೆಯ ಮೇಲೆ ಕರ್ಸರು ಮಿಟುಕುತ್ತಿತ್ತು.
ಬೆರಳಿನ ನೆಟಿಗೆ ತೆಗೆದೆ.
ಮೇಲಿನ ಸಾಲಿಗೆ ಹೋಗಿ
'ಸದರಿ ಸ್ವತ್ತು' ಅಳಿಸಿದೆ.
'ಕೆರೆ' ಎಂದು ಹೊಡೆದೆ. ಎರಡೇ ಅಕ್ಷರ.

ಫ್ರಿಜ್ಜು ಮತ್ತೆ ಗುರುಗುಟ್ಟಿತು.