ಗಂತೂತ್‌ನ ಡೇರೆ

ಇಲ್ಲೊಂದು ಗಡಿಯಿದೆಯೆಂದು ಹೋದ ವರ್ಷ ಯಾರಿಗೆ ಗೊತ್ತಿತ್ತು?
ದುಬೈ ಮುಗಿದು ಅಬುಧಾಬಿ ಹುಟ್ಟುವಲ್ಲಿ
ಟಾರಿನ ಬಣ್ಣ ಒಂದಿಷ್ಟು ಬದಲಾಗುತ್ತಿತ್ತು,
ಚಕ್ರದ ಸದ್ದು ಅರ್ಧ ಸ್ವರ ಇಳಿಯುತ್ತಿತ್ತು, ಅಷ್ಟೆ.
ಹನ್ನೊಂದು ವರ್ಷ ಖುಬ್ಬೂಸಿನ ವ್ಯಾನು ಓಡಿಸಿದವನಿಗೆ
ಆ ಸದ್ದೇ ಗಡಿ.

ಈಗ ಡೇರೆ ಎದ್ದಿದೆ. ಬಿಳಿ ದೀಪ, ಕಿತ್ತಳೆ ಕೋನು,
ನಸುಕಿನ ಮೂರಕ್ಕೂ ಬೆವರುವ ಜುಲೈ.
ನನ್ನ ಮುಂದೆ ಮೊಟ್ಟೆಯ ಲಾರಿ,
ಹಿಂದೆ ಮದುವೆ ಮುಂದೂಡಿದ ಒಬ್ಬ ಈಜಿಪ್ಟಿನವ.
ಕಿಟಕಿ ಇಳಿಸಿ ಕೇಳಿದವರಿಗೂ ಕೇಳದವರಿಗೂ
ಅದನ್ನೇ ಹೇಳುತ್ತಿದ್ದಾನೆ.

ಸರಕಾರ ಎಂದರೆ ನನಗೆ ಇದುವರೆಗೆ
ವೀಸಾದ ಮೊಹರು, ವೇಗಕ್ಕೆ ಬಿದ್ದ ದಂಡ.
ಈ ವರ್ಷ ಅದು ಹತ್ತಿಯ ಕಡ್ಡಿಯಾಗಿ ಮೂಗಿನೊಳಗೆ ಬಂತು,
ಕಣ್ಣಿನ ಹಿಂದೆ ಏನೋ ಹುಡುಕಿತು.
"ಸಾರಿ ಭಾಯ್" ಅಂದಳು ಕಡ್ಡಿ ಹಿಡಿದ ಹುಡುಗಿ.
ಕನ್ನಡಕದೊಳಗೆ ಅವಳದೇ ಉಸಿರು ಮಂಜಾಗಿ ನಿಂತಿತ್ತು.

ಫೋನಿಗೆ ಉತ್ತರ ಬಂತು: ಇಲ್ಲ.
'ಇಲ್ಲ' ಇಷ್ಟು ಸಿಹಿಯಾದದ್ದು ಇದೇ ಮೊದಲು.
ನಲವತ್ತೆಂಟು ಗಂಟೆ ಊರ್ಜಿತ.
ಹಿಂದೆ ಪೇರಿಸಿಟ್ಟ ರೊಟ್ಟಿಯ ಪೊಟ್ಟಣಕ್ಕೂ
ಅದೇ ತಾರೀಕು ಹೊಡೆದಿದ್ದಾರೆ.

ಊರಿನ ಗಡಿಗೆ ಡೇರೆಯಿರಲಿಲ್ಲ, ಕಡ್ಡಿಯೂ ಇರಲಿಲ್ಲ.
ಮಾರ್ಚಿನಲ್ಲಿ ಟಿಪ್ಪರು ಬಂದು ಕೆಂಪು ಮಣ್ಣು ಸುರಿದು ಹೋಯಿತು.
ನಮ್ಮ ಮಂಜೇಶ್ವರ ಒಂದು ಸರಕಾರಕ್ಕೆ,
ನಮ್ಮ ಆಸ್ಪತ್ರೆ ಇನ್ನೊಂದಕ್ಕೆ,
ಅಕ್ಕ ಬೀಫಾತುಮ್ಮನ ಕಿಡ್ನಿ ಯಾರಿಗೂ ಅಲ್ಲ.
ಸೋಮವಾರ ಗುರುವಾರ ಮಂಗಳೂರಲ್ಲಿ ತೊಳೆಯಬೇಕಾದ ರಕ್ತ
ದಿಬ್ಬದ ತೆಂಕಣಕ್ಕೆ, ಆಟೋದಲ್ಲಿ, ಕಾದು ಕೂತಿತು.
"ಮೇಲಿನ ಆರ್ಡರು" ಅಂದನಂತೆ ಪೊಲೀಸ.
ಪಾಪ, ಅವನೂ ಹೆದರಿದ್ದ, ಅನ್ನುತ್ತಾಳೆ ಅಕ್ಕ.

ಅದೇ ವಾರ ಪಂಚಾಯತಿನ ಸುಗುಣ
ಊಟದ ಪೊಟ್ಟಣ ಹೊತ್ತು ಮನೆಮನೆಗೆ ನಡೆದಳು.
ಯಾರ್ಯಾರಿಗೋ ಫೋನು ಮಾಡಿ, ಬೈದು, ಅತ್ತು,
ಆಂಬುಲೆನ್ಸು ತರಿಸಿ ಅಕ್ಕನನ್ನು ಕಣ್ಣೂರಿಗೆ ಕಳಿಸಿದಳು,
ಅರ್ಧ ಗಂಟೆಯ ದಾರಿಯ ಬದಲು
ಮೂರು ಗಂಟೆ, ಎದುರು ದಿಕ್ಕಿಗೆ.
ಅದೂ ಸರಕಾರವೇ.
ಅದರ ಚಪ್ಪಲಿ ಸವೆದಿತ್ತು.

ಅಕ್ಕ ಇದ್ದಾಳೆ. ವೀಡಿಯೊದಲ್ಲಿ ಕಾಲಿನ ಊತ ತೋರಿಸುತ್ತಾಳೆ,
"ಬೆರಳು ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ, ನೋಡು."
ಮಣ್ಣು ತೆಗೆದ ಮೇಲೂ ರಸ್ತೆಯಲ್ಲೊಂದು
ಕೆಂಪು ಕಲೆ ಉಳಿದಿದೆಯಂತೆ, ಮಳೆಗೂ ಹೋಗದೆ.

ಚೌಕಿಯ ಹುಡುಗ ಟಾರ್ಚು ಬಿಟ್ಟು ಕಾರ್ಡು ನೋಡಿದ.
"ಹಿಂದಿ?" ಹೌದು.
"ಕೇರಳ?" ಹೌದು.
"ಹಾಂ, ಮಲಬಾರಿ."
ಅಲ್ಲ, ಅಂದೆ.
ಅವನಿಗೆ ನಗು. "ಮತ್ತೆ?"
ನನ್ನಲ್ಲಿರುವ ಅರಬಿ ರೊಟ್ಟಿ ಎಣಿಸುವಷ್ಟು,
ಈ ಮಾತಿಗೆ ಸಾಲದು.
ಹಿಂದಿನಿಂದ ಮದುಮಗ ಹಾರ್ನು ಒತ್ತಿ ಹಿಡಿದ.
"ಖುಬ್ಬೂಸ್" ಅಂದೆ ಕೊನೆಗೆ. "ಬಿಸಿ ಇದೆ."
ಕೈ ಬೀಸಿದ, ಹೋಗು.

ಡೇರೆ ದಾಟಿ ಇಪ್ಪತ್ತು ಮಾರು ಹೋದಮೇಲೆ
ಚಕ್ರದ ಸದ್ದು ಇಳಿಯಿತು.
ಹಳೆಯ ಗಡಿ ಅಲ್ಲೇ ಇತ್ತು,
ಕತ್ತಲಲ್ಲಿ, ಕಾಯುವವರಿಲ್ಲದೆ.