ಹಪ್ಪಳಕ್ಕೆ ಐವತ್ತು ಸೆಂಟು

ಊರಿನ ಹೆಸರು ಹೇಗ್.
ಹೇಗೆ, ಹೇಗೆ ಎಂದು ಮೂರು ದಿನದಿಂದ
ನನ್ನ ಪರ್ಸನ್ನು ಕೇಳುತ್ತಿದ್ದೇನೆ.
ಕಾಫಿಗೆ ಐದು ಯೂರೋ, ಮೂತ್ರಕ್ಕೆ ಎಪ್ಪತ್ತು ಸೆಂಟು,
ಒಂದರ ಖರ್ಚೇ ಇನ್ನೊಂದಕ್ಕೆ ದಾರಿ.
ರೂಪಾಯಿಗೆ ಗುಣಿಸಬಾರದೆಂದು ವಿಮಾನದಲ್ಲೇ ಆಣೆ ಇಟ್ಟಿದ್ದೆ.
ನಾಲಗೆ ಮಾತು ಉಳಿಸಿಕೊಂಡಿದೆ,
ಬೆರಳುಗಳು ಗುಣಿಸುತ್ತಲೇ ಇವೆ.

ಮಧ್ಯಾಹ್ನ ಬೆಂಚಿನ ಮೇಲೆ ಬ್ರೆಡ್ಡು, ಚೀಸು;
ನಿನ್ನೆ ಅದರಲ್ಲೂ ಅರ್ಧ ಕಡಲಹಕ್ಕಿಯ ಪಾಲು.
ಅದಕ್ಕೂ ದುಬಾರಿ ಊರೇ ಇರಬೇಕು, ಪಾಪ.

ಇವತ್ತು ಸಂಜೆ, ಟ್ರಾಮಿನ ದುಡ್ಡು ಉಳಿಸಲು ನಡೆಯುತ್ತಿದ್ದವಳನ್ನು
ಯಾರೋ ಮೂಗು ಹಿಡಿದು ಎಳೆದರು:
ಈರುಳ್ಳಿ ಕೆಂಪಗೆ ಕರಿಯುವ ವಾಸನೆ,
ಅದರ ಹಿಂದೆ ಹುಣಸೆ, ಅದರ ಹಿಂದೆ
ಹೆಸರು ಗೊತ್ತಿಲ್ಲದ ಯಾವುದೋ ಬೇರು.
ಸೈಕಲ್ ರಿಪೇರಿಯವನ ಪಕ್ಕ
ಐದೇ ಮೇಜಿನ ಹೋಟೆಲು;
ಹಬೆ ಕಟ್ಟಿದ ಗಾಜಿನ ಮೇಲೆ
ಯಾವ ಮಗುವೋ ಬೆರಳಲ್ಲಿ ಬರೆದ ಮೀನು.

ಒಡತಿ ದೋರ್ಸಿನಾ ಲಾತುಪೆರಿಸ್ಸಾ. ಎಪ್ಪತ್ತು ದಾಟಿದವಳು.
ಟ್ರಾಮ್ ಓಡಿಸುವವನಿಗೂ ಅವಳು ತಾಂತೆ, ಅತ್ತೆ,
ಬಾಡಿಗೆ ಏರಿಸಲು ಬರುವ ಕಟ್ಟಡದ ಯಜಮಾನನಿಗೂ ತಾಂತೆ.
"ಖಾರ?" ಎಂದಳು, ಹುಬ್ಬು ಏರಿಸಿ.
"ನಮ್ಮ ಕಡೆಯೂ ತಿನ್ನುತ್ತೇವೆ" ಎಂದೆ,
ಕೊಂಚ ಜಂಬದಲ್ಲಿ.

ಬಂತು ತಟ್ಟೆ.
ಬೋಗುಣಿ ಬೋರಲು ಹಾಕಿದ ಗುಂಡಗಿನ ಅನ್ನ,
ತೆಂಗಿನ ಹಾಲಲ್ಲಿ ಬೆಂದ ಬೀನ್ಸು,
ಬೆಲ್ಲ ಹತ್ತಿದ ತೆಂಪೆ, ಕೆಂಪು ಸಾರಲ್ಲಿ ಕತ್ತಿನವರೆಗೆ ಮುಳುಗಿದ ಮೊಟ್ಟೆ,
ಹುರಿದ ಕಾಯಿತುರಿಯಲ್ಲಿ ಅಡಗಿ ಕೂತ ಶೇಂಗಾ,
ಮೇಲೊಂದು ಸೀಗಡಿ ಹಪ್ಪಳ, ಮುಟ್ಟಿದರೆ ಮಾತಾಡುವಂಥದು.
ಅಂಚಿನಲ್ಲಿ ಚಿಟಿಕೆಯಷ್ಟು ಸಂಬಲ್,
ಕಣ್ಣು ಮುಚ್ಚಿದ ಸಾಧುವಿನಂತೆ.

ಎರಡನೇ ತುತ್ತಿಗೆ ನನ್ನ ಜಂಬ ಮೂಗಿನಿಂದ ಇಳಿಯಿತು.
ಪಕ್ಕದ ಮೇಜಿನ ಮುದುಕ ಯೋಪ್, ಗುರುವಾರದ ಖಾಯಂ ಗಿರಾಕಿ,
ತನ್ನ ಕರವಸ್ತ್ರ ಚಾಚಿದ.
ತಾಂತೆ ನಕ್ಕಳು:
"ಈ ಊರಲ್ಲಿ ಬಿಲ್ಲು ನೋಡಿ ಅಳೋದು.
ನೀನು ಮೊದಲೇ ಶುರು ಮಾಡಿದೆ."

ಚಮಚದಲ್ಲಿ ಅನ್ನ ಅನ್ನವಾಗುವುದಿಲ್ಲ.
ಸಾರು ಒಂದು ದಾರಿ, ಅಗುಳು ಒಂದು ದಾರಿ.
ಚಮಚ ಕೆಳಗಿಟ್ಟೆ. ತೊಡೆಯ ಮೇಲೆ ಬಲಗೈ
ತನ್ನಷ್ಟಕ್ಕೆ ಗಾಳಿಯನ್ನು ಕಲಸುತ್ತಿತ್ತು.
ಅವಳು ಕಂಡಳು.
ಒಳಗೆ ಹೋಗಿ ತಂದಿಟ್ಟಳು ಒಂದು ಬಟ್ಟಲು ನೀರು,
ತೇಲುವ ಒಂದು ನಿಂಬೆಯ ಬಿಲ್ಲೆ.
ಏನೂ ಹೇಳಲಿಲ್ಲ.

ಹೇಳಿದ್ದು ಆಮೇಲೆ, ಗಿರಾಕಿ ತೆಳುವಾದ ಮೇಲೆ.
ಅಪ್ಪ ಸಿಪಾಯಿ. ಅಂಬೊನ್ ದ್ವೀಪದಿಂದ ಹಡಗಿನಲ್ಲಿ
ಆರು ತಿಂಗಳಿಗೆಂದು ತಂದು ಇಳಿಸಿದರಂತೆ.
ಇವಳು ಹುಟ್ಟಿದ್ದು ಮರದ ಬ್ಯಾರಕ್ಕಿನಲ್ಲಿ.
ಎಲ್ಲರಿಗೂ ಒಂದೇ ಅಡುಗೆಮನೆ, ದಿನವೂ ಬೆಂದ ಆಲೂಗಡ್ಡೆ.
ಅಮ್ಮ ಮಂಚದ ಕೆಳಗೆ ಸ್ಟೋವ್ ಬಚ್ಚಿಟ್ಟು
ಕದ್ದು ಸಂಬಲ್ ಕುದಿಸುತ್ತಿದ್ದಳಂತೆ;
ಹೊರಗೆ ಕಾವಲುಗಾರ ಸೀನಿದರೆ
ಒಳಗೆ ಸ್ಟೋವ್ ಆರುತ್ತಿತ್ತು.
"ಅಂಬೊನ್ ನೋಡಿದ್ದೀರಾ?"
"ಒಮ್ಮೆ. ಹತ್ತು ದಿನ. ಹೊಟ್ಟೆ ಕೆಟ್ಟಿತು."
ಎಂದು ಮೇಜು ಒರೆಸಿದಳು, ಒರೆಸಿದ್ದನ್ನೇ ಮತ್ತೆ.

ಗೋಡೆಯ ಕರಿಹಲಗೆಯಲ್ಲಿ ಅಡುಗೆಗಳ ಹೆಸರು,
ಎದುರಿಗೆ 'ಹರ್ಗಾ' ಎಂದೊಂದು ಸಾಲು.
ಅಂಕಿಗಳು ಅಳಿಸಿ ಬರೆದು, ಅಳಿಸಿ ಬರೆದು ಬೂದಿಯಾಗಿವೆ.
ಹರ್ಗಾ ಅಂದರೆ ಬೆಲೆ, ಅಂದ ಯೋಪ್.
ಬಾಯಲ್ಲಿ ಹೊರಳಿಸಿದೆ. ಹರ್ಗ. ಅರ್ಘ.
ಎಂದೋ ನಮ್ಮ ಕಡೆಯಿಂದ ಹಡಗು ಹತ್ತಿ
ತಿರುಗಿ ಬರದೆ, ಅಲ್ಲೇ ಅಂಗಡಿ ಇಟ್ಟ ಮಾತು.
ಅದರ ಒಡಹುಟ್ಟು ನಮ್ಮಲ್ಲಿ
ಬಂದವರ ಕೈಗೆ ಎರೆಯುವ ನೀರು.
ಬಟ್ಟಲು ನೋಡಿದೆ.
ನಿಂಬೆ ಇನ್ನೂ ತಿರುಗುತ್ತಿತ್ತು.

ಬಿಲ್ಲು ಹದಿನಾರೂವರೆ. ಹಪ್ಪಳಕ್ಕೆ ಬೇರೆ ಐವತ್ತು ಸೆಂಟು.
ಇಪ್ಪತ್ತರ ನೋಟಿಗೆ ಮೂರು ಯೂರೋ ವಾಪಸು,
ಎಣಿಸಿಯೇ ಕೊಟ್ಟಳು.
ನೀರಿನದು, ಎಂದು ಕೇಳಬೇಕೆನಿಸಿತು; ಕೇಳಲಿಲ್ಲ.

ಹಾಳಾಗಲಿ ದುಡ್ಡು ಎಂದು ಟ್ರಾಮ್ ಹತ್ತಿದೆ.
ದೂತಾವಾಸಗಳು ಒಂದೊಂದಾಗಿ ದೀಪ ಹಚ್ಚಿಕೊಳ್ಳುತ್ತಿದ್ದವು.
ಬೆರಳು ಮೂಸಿದೆ: ಮೇಲೆ ನಿಂಬೆ, ಅಡಿಯಲ್ಲಿ ಸಂಬಲ್.
ಎರಡು ಸ್ಟಾಪು ದಾಟಿದ ಮೇಲೆ, ಮರೆತು,
ಕಣ್ಣುಜ್ಜಿಕೊಂಡೆ.